ಸೈಲಸ್ ಥಾರ್ಪ್‌ನ ಮೂರನೇ ಎಂಜಿನ್

ಸೈಲಸ್ ಥಾರ್ಪ್ ಯುದ್ಧಕ್ಕೆ ಮೊದಲು ಇಂಗ್ಲೆಂಡಿನ ಲಿಂಕನ್‌ಶೈರಿನ ಹೊಲಗಳಲ್ಲಿ ಒಕ್ಕಣೆ ಯಂತ್ರ ರಿಪೇರಿ ಮಾಡುತ್ತಿದ್ದವನು. ಆಮೇಲೆ ನಮ್ಮ ವಿಮಾನದಳಕ್ಕೆ ಮೆಕ್ಯಾನಿಕ್ ಆಗಿ ಬಂದ. ನಮ್ಮಿಬ್ಬರಿಗೆ ಒಪ್ಪಿಸಿದ್ದ ಬಾಂಬರ್ ವಿಮಾನದ ರೆಕ್ಕೆ, ಮೈಯ ತಗಡು ನನ್ನ ಪಾಲು. ನಾಲ್ಕು ಎಂಜಿನ್ ಅವನ ಪಾಲು. ಆ ವಿಮಾನ ಅದನ್ನು ಹಾರಿಸುವವರದ್ದಲ್ಲ, ನಮ್ಮದು. ಅವರಿಗೆ ಒಂದು ರಾತ್ರಿಗೆ ಕಡ ಕೊಡುತ್ತಿದ್ದೆವು, ಅಷ್ಟೇ. ಎಂಜಿನ್ ಸರಿಯಿದೆ ಎಂದು ಸೈಲಸ್ ಸಹಿ ಹಾಕದೆ ಅದು ದಾಳಿಗೆ ಹೊರಡುವಂತಿರಲಿಲ್ಲ.

ನಲವತ್ತನಾಲ್ಕರ ಫೆಬ್ರವರಿಯ ಒಂದು ಬೆಳಗ್ಗೆ ಅದು ಜರ್ಮನಿಯಿಂದ ಎರಡೇ ಎಂಜಿನ್‌ನಲ್ಲಿ ಮರಳಿತು. ಬಾಲ ಜರಡಿಯಾಗಿತ್ತು. ರೆಕ್ಕೆಯ ತೂತಿನಲ್ಲಿ ನನ್ನ ತಲೆ ಹಿಡಿಸುತ್ತಿತ್ತು. ಅಬ್ಬಾ, ಇಂಥದ್ದು ಏಳು ಜನರನ್ನು ಹೊತ್ತು ಸಮುದ್ರ ದಾಟಿತೇ ಎಂದು ಮೈ ಜುಮ್ಮೆಂದಿತು. ಎಲ್ಲವೂ ಶತ್ರುವಿನ ಗುಂಡಿನ ಕೆಲಸ ಎಂದೇ ಅಂದುಕೊಂಡೆವು.

ಸೈಲಸ್ ಕೆಟ್ಟುನಿಂತ ಎರಡೂ ಎಂಜಿನ್ ಬಿಚ್ಚಿದ. ಒಂದನೆಯದಕ್ಕೆ ನಿಜಕ್ಕೂ ಗುಂಡು ಬಿದ್ದಿತ್ತು. ಮೂರನೆಯದರಲ್ಲಿ ಗುಂಡಿನ ಗುರುತೇ ಇಲ್ಲ. ಎಣ್ಣೆ ಕೊಳವೆಯ ನಟ್ಟು ಸಡಿಲಗೊಂಡು ಎಣ್ಣೆಯೆಲ್ಲ ಸೋರಿಹೋಗಿತ್ತು. ನಟ್ಟು ತಿರುಗದಂತೆ ಕಟ್ಟುವ ತಂತಿ ಅಲ್ಲಿರಲಿಲ್ಲ.

“ತಂತಿ ಕಟ್ಟೋದು ಮರ್ತಿದೀನಿ ಕಣೋ,” ಎಂದ. ಮುಖ ಬಿಳಿಚಿಕೊಂಡಿತ್ತು.

“ಬಾಯ್ಮುಚ್ಕೊಂಡಿರು ಮಾರಾಯ. ಇಷ್ಟು ತೂತಿನ ಮಧ್ಯೆ ಇದ್ಯಾರಿಗೆ ಗೊತ್ತಾಗತ್ತೆ?” ಎಂದೆ. ನಾನು ಅಂಥವನೇ, ಸುಳ್ಳೇಕೆ ಹೇಳಲಿ.

ಅವನು ನೆಟ್ಟಗೆ ಪೈಲಟ್ ಗಿಲ್ರಾಯ್ ಬಳಿ ಹೋದ. “ನಿಮ್ಮ ಏಳೂ ಜನರನ್ನ ನಾನೇ ಕೊಂದುಬಿಡ್ತಿದ್ದೆ ಸಾರ್. ಇನ್ಮೇಲೆ ಸಹಿ ಹಾಕಲ್ಲ. ಬೇರೆಯವರನ್ನ ನೋಡ್ಕೊಳ್ಳಿ.”

ಗಿಲ್ರಾಯ್ ಕೈಲಿದ್ದ ಚಹಾ ಕುಡಿದು ಮುಗಿಸಿದ. “ಮೊದ್ಲು ಎರಡೂ ಕಡೆ ಹೊಸ ಎಂಜಿನ್ ಕೂರ್ಸು. ಆಮೇಲೆ ಮಾತಾಡೋಣ.”

ಮೂರು ದಿನ ಸೈಲಸ್ ಊಟ ನಿದ್ದೆ ಬಿಟ್ಟು ದುಡಿದ. ತಂತಿಗಳನ್ನು ಮುಟ್ಟಿ ಮುಟ್ಟಿ ನೋಡಿದ. ನಾನು ರೆಕ್ಕೆ, ಬಾಲದ ತೂತು ಮುಚ್ಚಿದೆ. ದೊಡ್ಡ ರಿಪೇರಿಯ ನಂತರ ಪರೀಕ್ಷೆಗೆ ಹಾರುವಾಗ ರಿಪೇರಿ ಮಾಡಿದವನೂ ಹತ್ತಬೇಕೆಂಬುದು ನಮ್ಮಲ್ಲಿನ ಪದ್ಧತಿ. ಹಾಗಾಗಿ ಇಬ್ಬರೂ ಹತ್ತಿದೆವು. ಸೈಲಸ್‌ಗೆ ಅಂಥ ರಿಪೇರಿಯೂ ಮೊದಲನೆಯದು, ಹಾರಾಟವೂ ಮೊದಲನೆಯದು.

ಸಮುದ್ರದ ಮೇಲೆ ಬಹಳ ಎತ್ತರಕ್ಕೆ ಹೋದಾಗ ಗಿಲ್ರಾಯ್ ಒಂದನೇ ಎಂಜಿನ್ ನಿಲ್ಲಿಸಿದ. ಎರಡನೆಯದನ್ನೂ ನಿಲ್ಲಿಸಿದ. ಬಳಿಕ ನಾಲ್ಕನೆಯದು. ಮೂರು ಪಂಖಗಳು ಅಲುಗದೆ ನಿಂತವು. ಅಷ್ಟು ದೊಡ್ಡ ವಿಮಾನವನ್ನು ಸೈಲಸ್‌ನ ಮೂರನೆಯದೊಂದೇ ಎಳೆಯುತ್ತಿತ್ತು. ನನ್ನ ಜೀವ ಬಾಯಿಗೆ ಬಂತು, ಆದರೂ ಕಣ್ಣು ಕೀಳಲಾಗಲಿಲ್ಲ. ನಾವು ಮೆಲ್ಲಗೆ ಕೆಳಗಿಳಿಯುತ್ತಿದ್ದೆವು.

“ಈಗ ಹೇಳು ಥಾರ್ಪ್. ಇದಕ್ಕೆ ಯಾರ ಸಹಿ ಬೇಕು?” ಎಂದ ಗಿಲ್ರಾಯ್.

“ಮೊದ್ಲು ಉಳಿದಿದ್ದನ್ನ ಶುರು ಮಾಡಿ ಸಾರ್.”

“ಮೊದ್ಲು ಹೇಳು.”

ಸೈಲಸ್ ಕಣ್ಣು ಮುಚ್ಚಿ ಆ ಎಂಜಿನ್‌ನ ಸದ್ದನ್ನೇ ಆಲಿಸಿದ. “ನಂದೇ ಸಾರ್,” ಎಂದ.

ಉಳಿದ ಮೂರೂ ಮತ್ತೆ ಶುರುವಾಗಿ ನೆಲಕ್ಕಿಳಿದ ಮೇಲೆ ಅವನು ಸಹಿ ಹಾಕಿದ. ಗಿಲ್ರಾಯ್ ಎಂಜಿನ್ ಕಡೆ ತಿರುಗಿಯೂ ನೋಡದೆ, ಅಂದೇ ಸಂಜೆ ತನ್ನ ಉಳಿದ ಆರು ಜನರನ್ನು ಕೂರಿಸಿಕೊಂಡು ಜರ್ಮನಿಗೆ ಹಾರಿಹೋದ.