ಪೆಡಲಿನ ಮೇಲೆ ನಾಲ್ಕು ಹವಾಯಿ ಅಟ್ಟೆ

ಮನೆಗೊಂದೇ ಮೊಬೈಲು ಇದ್ದ ಆ ದಿನಗಳಲ್ಲಿ, ಅಳತೆಗೆ ಸರಿಯಾದದ್ದನ್ನು ಕೊಳ್ಳುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ನನ್ನ ಬೂಟಿನ ತುದಿಯಲ್ಲಿ ಸದಾ ಹತ್ತಿ. ಯೂನಿಫಾರ್ಮಿನ ಲಂಗಕ್ಕೆ ಒಳಗಡೆ ನಾಲ್ಕು ಮಡಿಕೆ. ಭಟ್ಕಳದ ಜಾಲಿ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಮ್ಮ ಪ್ರತಿ ಜೂನಿನಲ್ಲಿ ಒಂದು ಮಡಿಕೆ ಬಿಚ್ಚುತ್ತಿದ್ದಳು.

ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಡ್ರಮ್ ಸೆಟ್ ನೋಡಿದ್ದೇ ನೋಡಿದ್ದು, ಏಳು ವರ್ಷದ ನಾನು ಮನೆಯ ಕೊಡಪಾನ, ಡಬ್ಬಿ ಯಾವುದನ್ನೂ ಬಡಿಯದೆ ಬಿಡಲಿಲ್ಲ. ದುಬೈಯಲ್ಲಿದ್ದ ಅಪ್ಪ ಫೋನಿನಲ್ಲಿ, "ಡ್ರಮ್ಮೇ ತೆಗೆಸಿಕೊಡು ಮಾರಾಯ್ತಿ, ಪಾತ್ರೆಯಾದ್ರೂ ಉಳೀತದೆ" ಎಂದರು. ಅಮ್ಮ ನನ್ನನ್ನು ಕುಮಟಾಕ್ಕೆ ಕರೆದೊಯ್ದಳು.

ಅಂಗಡಿಯವರು ಕೆಂಪು ಬಣ್ಣದ ಮಕ್ಕಳ ಸೆಟ್ಟಿನ ಮುಂದೆ ಕೂರಿಸಿದರು. ಪೆಡಲು ಒತ್ತಿದೆ. ನಡುವಿನ ದೊಡ್ಡ ಡ್ರಮ್ಮು ಧಿಮ್ ಎಂದಿತು.

"ಅಕ್ಕಾ, ಹುಡುಗಿಗೆ ಇದೇ ಸರಿ."

"ಮುಂದಿನ ವರ್ಷ ಎಂತ ಮಾಡೂದು? ಬೆಳೆಯೂ ಹುಡುಗಿ. ದೊಡ್ಡದೇ ಕೊಡಿ," ಎಂದಳು ಅಮ್ಮ.

ಬಸ್‌ಸ್ಟ್ಯಾಂಡಿನಲ್ಲಿ ಬಿಸಿ ಬನ್ಸ್ ಕೊಡಿಸುವ ಮಾತಾಗಿತ್ತು. ದೊಡ್ಡದರ ಮುಂದೆ ಕೂತು ನೋಡದೆಯೇ ನಾನು ಬಾಗಿಲಿಗೆ ಓಡಿದೆ.

ಮನೆಯಲ್ಲಿ ಜೋಡಿಸಿ ಕೂತರೆ ಪಾದ ಪೆಡಲಿಗೆ ತಾಗಲೇ ಇಲ್ಲ. ಬಿಚ್ಚಿದ ಸಾಮಾನು ವಾಪಸ್ ಇಲ್ಲವೆಂದು ಅಂಗಡಿಯವರು ಮೊದಲೇ ಹೇಳಿದ್ದರು.

"ಎಂತಕ್ಕೆ ಅಳೂದು?"

"ದೊಡ್ಡ ಡ್ರಮ್ ಹೊಡೂಕೆ ಆಗೂದಿಲ್ಲ."

ಅಮ್ಮ ತೂಗಾಡುತ್ತಿದ್ದ ನನ್ನ ಪಾದವನ್ನೇ ನೋಡಿದಳು. "ನಂದೇ ತಪ್ಪು," ಎಂದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ಹವಾಯಿ ಚಪ್ಪಲಿಗಳ ಬಾರು ಕಿತ್ತು, ನಾಲ್ಕು ಅಟ್ಟೆಗಳನ್ನು ಒಂದರ ಮೇಲೊಂದಿಟ್ಟು, ಲಂಗದ ಇಲಾಸ್ಟಿಕ್ಕಿನಿಂದ ಪೆಡಲಿಗೆ ಬಿಗಿದಳು. ಅವಳ ಕೈಯಿಂದ ರಬ್ಬರಿನ, ಮಿಶಿನ್ ಎಣ್ಣೆಯ ವಾಸನೆ ಬರುತ್ತಿತ್ತು.

"ತುಳಿ ನೋಡ್ವ, ನಾ ಮಿಶಿನ್ ತುಳಿದ ಹಾಗೆ."

ಧಿಮ್!

"ಆತು," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅಂದಿನಿಂದ ಪ್ರತಿ ಜೂನಿನಲ್ಲಿ ಲಂಗದ ಮಡಿಕೆ ಬಿಚ್ಚಿದ ಕತ್ತರಿಯಿಂದಲೇ ಇಲಾಸ್ಟಿಕ್ಕನ್ನೂ ಕತ್ತರಿಸಿ ಒಂದು ಅಟ್ಟೆ ತೆಗೆಯುತ್ತಿದ್ದಳು. ಅದಕ್ಕೂ ಮೊದಲು ನೆಲದಲ್ಲಿ ಕೂತು, ನನ್ನ ಹಿಮ್ಮಡಿ ಹಿಡಿದು, ಸಾಕಷ್ಟು ಬೆಳೆದಿದ್ದೇನೆಯೇ ಎಂದು ನೋಡುತ್ತಿದ್ದಳು. ಅವಳು ಅಂದು ಸರಿಯಾದ ಅಳತೆಯದ್ದನ್ನೇ ಕೊಂಡಿದ್ದರೆ ಆ ನಾಲ್ಕು ಜೂನುಗಳು ನನಗೆ ಸಿಗುತ್ತಿರಲಿಲ್ಲ. ಆ ತಪ್ಪಿಗೆ ನಾನು ಇಂದಿಗೂ ಋಣಿ.

ಅಮ್ಮ ಹೋಗಿ ಮೂರು ವರ್ಷವಾಯಿತು. ಮೊನ್ನೆ ಹೊನ್ನಾವರದಲ್ಲಿ ನನ್ನ ಮಗಳಿಗೆ ಅವಳದೇ ಅಳತೆಯ ಸೆಟ್ಟು ಆರಿಸಿದೆ. ಕೂತವಳೇ ಧಿಮ್ ಎನಿಸಿದಳು. ಖುಷಿಯಾಯಿತು. ಆದರೂ ನೆಲದಲ್ಲಿ ಕೂತು ಅವಳ ಹಿಮ್ಮಡಿ ಹಿಡಿದೆ.

"ಎಂತ ನೋಡೂದು ಅಮ್ಮಾ? ಕಾಲು ತಾಗ್ತದೆ."

ತಾಗುತ್ತಿತ್ತು. ತೆಗೆಯಲು ಅಲ್ಲಿ ಒಂದು ಅಟ್ಟೆಯೂ ಇರಲಿಲ್ಲ.