ಕಾರ್ಡು ನಡೆಯುವ ಅಂಗಡಿಯ ಚಿತ್ರ

ಅಂಗಡಿಗಳ ಗಾಜಿನ ಮೇಲೆ ಬರೆಯುವುದು ನಮ್ಮ ಸೋದರತ್ತೆಯ ಕಸುಬು. ಅವಳ ಮುಂಗೂದಲಲ್ಲಿ ಯಾವಾಗಲೂ ಒಂದಲ್ಲ ಒಂದು ಬಣ್ಣದ ಚುಕ್ಕೆ ಇರುತ್ತದೆ. ಅದನ್ನು ನೋಡಿಯೇ ಇವತ್ತು ಯಾವ ಅಂಗಡಿಗೆ ಹೋಗಿದ್ದಳೆಂದು ಹೇಳಬಹುದು.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಅವರ ಗಂಟಲಿಗೆ ಬಸ್ಸಿನ ಹಾರನ್ನೇ ಹೆದರುತ್ತಿತ್ತು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಚಿಲ್ಲರೆಗಾಗಿ ಅವರು ಇಡೀ ಬಸ್ಸನ್ನು ನಡುಗಿಸಿದ್ದುಂಟು. ನಿವೃತ್ತರಾದ ವರ್ಷವೇ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಇರುವುದು ಒಣ ಎಲೆ ಸರಿದಂಥ ಪಿಸುಮಾತು. ಅಂಗಡಿಯಲ್ಲಿ ಯಾರೋ "ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ" ಅಂದರು, ಇನ್ನೊಬ್ಬರು ಚಿಲ್ಲರೆ ಕೇಳಿದರು. ಆಮೇಲೆ ಮಾವ ಹೊಸ್ತಿಲು ದಾಟುವುದನ್ನೇ ಬಿಟ್ಟರು.

ಅತ್ತೆ ಬ್ಯಾಂಕಿನಿಂದ ಅವರಿಗೊಂದು ಕಾರ್ಡು ಮಾಡಿಸಿಕೊಟ್ಟಳು. "ಬೇಕಾದ್ದು ತಗೊಂಡು ಮುಂದಿಡಿ, ಕಾರ್ಡು ಕೊಡಿ, ಬನ್ನಿ. ಚಿಲ್ಲರೆ ಜಗಳ ಇಲ್ಲ, ಮಾತಿಲ್ಲ ಕತೆಯಿಲ್ಲ."

"ಕಾರ್ಡು ತಗೋತೀರಾ ಅಂತ ಕೇಳೋರ್ಯಾರು?" ಎಂದು ಪಿಸುಗುಟ್ಟಿದರು ಮಾವ.

ಹೀಗಿರುವಾಗ ಮಾರುಕಟ್ಟೆ ಸಂಘದವರು ಬಂದರು. ಕಾರ್ಡು ನಡೆಯುವ ಅಂಗಡಿಗಳ ಗಾಜಿಗೆ ಒಂದೇ ಥರದ ಚಿತ್ರ ಬೇಕಂತೆ. ಓದಲು ಬಾರದವರಿಗೂ, ಬೇರೆ ಭಾಷೆಯವರಿಗೂ ದೂರದಿಂದಲೇ ತಿಳಿಯಬೇಕಂತೆ. ಅತ್ತೆ ದರದ ಮಾತೇ ಎತ್ತದೆ ಒಪ್ಪಿಕೊಂಡಳು. ಅವಳ ಕಣ್ಣು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ ಮಾವನ ಮೇಲಿತ್ತು.

ಬೀದಿಗೆ ತೆರೆಯುವ ಅಡುಗೆಮನೆಯ ಕಿಟಕಿಯೇ ಅವಳ ಹಲಗೆಯಾಯಿತು, ರಜೆಗೆ ಬಂದಿದ್ದ ನಾನು ಅವಳ ಸಹಾಯಕಿ. ತೊಳೆದರೆ ಹೋಗುವ ಬಣ್ಣದಲ್ಲಿ ಬರೆಯುವುದು, ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಇದೇನೆಂದು ಕೇಳುವುದು. ಮೊದಲು ಒಂದು ಕೈ, ಕೈಯಲ್ಲಿ ಕಾರ್ಡು, ಅದರ ಮೇಲೆ ಬ್ಯಾಂಕಿನ ಕಾರ್ಡುಗಳಲ್ಲಿರುವಂಥ ಮೂರು ಬಾಗಿದ ಗೆರೆ.

"ಸೋಪಲ್ವಾ?" ಅಂದಳು ಎದುರುಮನೆಯ ಟೈಲರಕ್ಕ. "ಕೈ ತೊಳ್ಕೊಂಡು ಒಳಗೆ ಬನ್ನಿ ಅಂತ."

ಅತ್ತೆ ಗೆರೆಗಳನ್ನು ಅಳಿಸಿದಳು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿ, "ಪಾಸು ತೋರ್ಸಿ ಅಂತ ತಾನೇ? ನನ್ನ ಹತ್ರ ಇಲ್ಲಮ್ಮ," ಎಂದು ಗಾಬರಿಯಾದ. ಕೈ ತೆಗೆದು, ಕಾರ್ಡು ಉಜ್ಜುವ, ಗುಂಡಿಗಳಿರುವ ಯಂತ್ರ ಬರೆದರೆ ಎಲ್ಲರಿಗೂ ಅದು ಫೋನು.

"ಚೀಟಿ ಎಲ್ಲಿ?" ಎಂದು ಕೇಳಿದವಳೂ ಟೈಲರಕ್ಕನೇ. "ಆ ಡಬ್ಬ ಅಂದ್ರೆ ನಂಗೆ ನೆನಪಾಗೋದೇ ಕರ್ರ್ ಅಂತ ನಾಲಿಗೆ ಚಾಚೋ ಚೀಟಿ."

ಅತ್ತೆ ಯಂತ್ರದ ತಲೆಯಿಂದ ಸುರುಳಿಯಾಗಿ ಏಳುವ ಚೀಟಿ ಬರೆದಳು. ಕೆಳಗೆ ಕಾರ್ಡು, ಅದನ್ನು ಹಿಡಿದ ಎರಡೇ ಬೆರಳು. ಹಿಂದೆ ಬಿಳಿ. ಅವತ್ತು ನಿಲ್ಲಿಸಿದವರೆಲ್ಲ ಎರಡನೇ ಮಾತಿಲ್ಲದೆ "ಕಾರ್ಡು ನಡಿಯುತ್ತೆ" ಅಂದರು.

ಗೆದ್ದ ಮುಖದಲ್ಲಿ ಅತ್ತೆ ಒಳಗೆ ತಿರುಗಿ, "ರೀ, ಇದೇನು ಹೇಳಿ," ಎಂದಳು.

ಮಾವ ಕಣ್ಣು ಕಿರಿದು ಮಾಡಿ ನೋಡಿದರು. "ದಿಂಬು."

"ಊರಿಗೆಲ್ಲ ತಿಳಿದದ್ದು ನಿಮಗೊಬ್ರಿಗೆ ತಿಳಿಯಲ್ವಾ? ಹೋಗೋಕೆ ಮನಸ್ಸಿಲ್ಲ ಅನ್ನಿ, ಅದ್ಬಿಟ್ಟು ನನ್ನ ಚಿತ್ರಕ್ಕೆ ಯಾಕೆ ಹೆಸರಿಡ್ತೀರಿ?"

ಮಾವ ಎರಡೂ ಅಂಗೈ ಕೆನ್ನೆಗೆ ಒತ್ತಿ ಮಲಗಿದಂತೆ ಮಾಡಿ ತೋರಿಸಿದರು. ಅತ್ತೆ ನಗಲಿಲ್ಲ. ಆಗಲೇ ತೊಳೆದಿದ್ದ ಬ್ರಷ್ಷನ್ನು ಮತ್ತೆ ತೊಳೆಯುತ್ತ ನಿಂತಳು.

ಮರುದಿನ ಬೆಳಗ್ಗೆ ಮಾವ ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಕಾಫಿ ಹಿಡಿದು ಅವರ ಕುರ್ಚಿಯಲ್ಲಿ ಕೂತಳು. ಅಲ್ಲಿಂದ ಅಡುಗೆಮನೆಯ ತೆರೆದ ಬಾಗಿಲಿನಾಚೆಯ ಕಿಟಕಿ ನೋಡಿದವಳು ಲೋಟ ಕೆಳಗಿಟ್ಟಳು. ಗಾಜಿನ ಕೆಲಸ ಒಳಗಿನಿಂದ ಮಾಡುವುದು. ಗೆರೆಗಳು ಮೊದಲು, ಅವು ಒಣಗಿದ ಮೇಲೆ ಅವುಗಳ ಬೆನ್ನಿಗೆ ಬಣ್ಣ. ಹೊರಗಿನವರಿಗೆ ಕಾಣುವ ಯಂತ್ರ, ಚೀಟಿ, ಬೆರಳು ಎಲ್ಲ ಒಳಗಿನವರಿಗೆ ಬಿಳಿಯ ಹಿಂದೆ ಮುಚ್ಚಿಹೋಗಿರುತ್ತವೆ. ಮೂಲೆಗಳು ಉಬ್ಬಿದ ಒಂದು ಬಿಳಿ ಚೌಕ. ದಿಂಬೇ ಸರಿ.

"ಇಷ್ಟು ವರ್ಷ ಬರೆದೂ ನಂಗೆ ಹೊಳೀಲಿಲ್ಲ ನೋಡೇ," ಎಂದಳು ಮೆಲ್ಲಗೆ. "ಅವರೊಬ್ರೇ ಗಾಜಿನ ಈಚೆಗೆ ಇದಾರೆ."

ಕಾಗದದ ಮೇಲೆ ಬರೆದು ತೋರಿಸೋಣವೇ ಎಂದೆ. ಬೇಡ ಎಂದು ತಲೆಯಾಡಿಸಿ, ಬಚ್ಚಲಿನಿಂದ ಬಂದ ಮಾವನ ಮುಂದೆ ಚಪ್ಪಲಿ ತಂದಿಟ್ಟಳು.

"ಎಲ್ಲಿಗೆ?"

"ನಿಮ್ಮ ದಿಂಬು ನೋಡೋಕೆ. ಬೀದಿ ತನಕ."

ಮಾವ ಚಪ್ಪಲಿಯನ್ನೂ ಅವಳ ಮುಖವನ್ನೂ ನೋಡಿದರು. ಆಮೇಲೆ ಹಾಕಿಕೊಂಡರು. ಅವರು ಬಾಗಿಲಿನ ಹೊರಗೆ ಕಾಲಿಟ್ಟಿದ್ದೇ ತಡ, ಟೈಲರಕ್ಕ ಬೀದಿ ತುಂಬ ಕೇಳುವಂತೆ ಕೂಗಿದಳು: "ಏನಣ್ಣಾ, ಆರಾಮಾ?"

"ಕಿವಿ ಸರಿಯಾಗೇ ಇದೆ," ಎಂದು ಮಾವ ಪಿಸುಗುಟ್ಟಿದರು. ನಾನು ಅದನ್ನು ಕೂಗಿ ಹೇಳಿದೆ. ಅವಳು ನಾಲಿಗೆ ಕಚ್ಚಿಕೊಂಡು ನಕ್ಕಳು.

ಮಾವ ಕಿಟಕಿಯ ಎದುರು ಬಹಳ ಹೊತ್ತು ನಿಂತರು. ಬೆಳಗಿನ ಬಿಸಿಲು ಬಿಳಿಯ ಮೇಲೆ ಬಿದ್ದು ಅವರ ಅಂಗಿಯೂ ಬೆಳ್ಳಗಾಗಿತ್ತು. ಚೀಟಿಯ ಸುರುಳಿಯ ಮೇಲೆ ಬೆರಳಿಟ್ಟು, "ಟಿಕೆಟ್ಟು," ಅಂದರು.

"ಹಾಗೇ ಅಂದ್ಕೊಳ್ಳಿ. ಇದು ಎಲ್ಲಿದೆಯೋ ಅಲ್ಲಿ ಬಾಯಿ ತೆರೀಬೇಕಿಲ್ಲ."

ಮಾವ ಚಪ್ಪಲಿ ಬಿಟ್ಟು ಒಳಗೆ ಹೋದರು. ಮಾರುಕಟ್ಟೆಯ ಕೆಲಸ ಶುರುವಾಯಿತು. ಒಂದು ಮಧ್ಯಾಹ್ನ ಪಾತ್ರೆ ಅಂಗಡಿಯ ಗಾಜಿಗೆ ಅವಳು ಗೆರೆ ಎಳೆಯುತ್ತಿದ್ದಳು, ನಾನು ಸ್ಟೂಲು ಹಿಡಿದಿದ್ದೆ. ಗೆರೆಗಳ ನಡುವಿನ ಬಣ್ಣ ತುಂಬದ ಗಾಜಿನಲ್ಲಿ ಮಾವ ಕಂಡರು. ಒಬ್ಬರೇ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಎದುರುಸಾಲಿನ ಅಂಗಡಿಗಳ ಗಾಜನ್ನು ಒಂದೊಂದಾಗಿ ನೋಡುತ್ತ. ನಾನು ಕರೆಯಲು ಬಾಯಿ ತೆರೆದೆ. ಅತ್ತೆ ಬಣ್ಣದ ಕೈಯಲ್ಲೇ ನನ್ನ ಭುಜ ಒತ್ತಿದಳು. ಮಾವ ಕಬ್ಬಿಣದ ಸಾಮಾನಿನ ಅಂಗಡಿಯೊಳಗೆ ಹೋದರು.

ಸಂಜೆ ನಾವು ಮನೆಗೆ ಬಂದಾಗ ಮೇಜಿನ ಮೇಲೆ ಸೋಪಿನ ಪೆಟ್ಟಿಗೆ, ಬಟ್ಟೆ ಒಣಗಿಸುವ ಹಗ್ಗ, ಒಂದು ಇಲಿಬೋನು. ಪಕ್ಕದಲ್ಲಿ ಮೂರು ಚೀಟಿ, ಅಂಚಿಗೆ ಅಂಚು ಕೂಡಿಸಿ ಇಟ್ಟದ್ದು.

"ನಮ್ಮನೇಲಿ ಇಲಿ ಎಲ್ಲಿದೆ ರೀ?"

"ಆ ಅಂಗಡೀಲೂ ಚಿತ್ರ ಇತ್ತು," ಎಂದರು ಮಾವ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಇನ್ನೂ ಒಂದು ಸಾಲು ಅಂಗಡಿ ಬಾಕಿ ಇದೆ ಕಣೇ. ಬರೀಲೋ, ಬೇಡ್ವೋ?"