ಎದ್ದು ನಿಂತ ಹಿರ್ಯಾ

ಬಾಳಪ್ಪ ಕಾಕಾನಿಗೆ ಕೆಮ್ಮಿನ ರೋಗವೇನೂ ಇರಲಿಲ್ಲ. ಆದರೂ ಯಾರ ಮನೆಯ ಹೊಸ್ತಿಲು ದಾಟುವ ಮುಂಚೆಯೂ ಮೂರು ಸಲ ಕೆಮ್ಮುತ್ತಿದ್ದ. ಮೊದಲ ಕೆಮ್ಮಿಗೆ ಒಳಗಿದ್ದವರು ಜಮಖಾನೆ ಹಾಸಬೇಕು, ಎರಡನೆಯದಕ್ಕೆ ಗೋಡೆಗೆ ಲೋಡು ಇಡಬೇಕು, ಮೂರನೆಯದಕ್ಕೆ ಅಲ್ಲಿ ಮೊದಲೇ ಕೂತವರು ಸರಿದು ಜಾಗ ಬಿಡಬೇಕು. ಘೋಡಗೇರಿಯಲ್ಲಿ ನಮ್ಮ ಅಪ್ಪ ತೀರಿಕೊಂಡ ಮೇಲೆ ಅವನ ತಮ್ಮನಾದ ಈ ಮಹಾಶಯ ನಮ್ಮ ಮನೆಗೆ ಹಿರಿಯನಾದ. ಆಮೇಲೆ ಓಣಿಗೆ ಆದ. ಆಮೇಲೆ ಕರೆದವರಿಗೆ, ಕರೆಯದವರಿಗೆ, ಎಲ್ಲರಿಗೂ ಆದ.

ಇಸ್ತ್ರಿ ಮಾಡಿದ ಬಿಳಿ ಟೋಪಿ, ಮಡಿಕೆ ಮುರಿಯದ ಧೋತರ, ಕಿಸೆಯಲ್ಲಿ ಎರಡು ಪೆನ್ನು. ಹೊಲದಲ್ಲಿ ಅವನು ಒಂದು ದಿನ ಕಳೆ ಕಿತ್ತದ್ದನ್ನು ನಾನು ಕಂಡಿಲ್ಲ. ಅದನ್ನೆಲ್ಲ ಕಾಕಿ ಮಾಡುತ್ತಿದ್ದಳು. ಅವಳು ಕಬ್ಬಿನ ರವದಿಯ ಒಣಗರಿಯಲ್ಲಿ ಮೈಕೈ ಗೀಚಿಸಿಕೊಂಡು ಬರುವ ಹೊತ್ತಿಗೆ ಇವನು ಯಾರದೋ ಕಟ್ಟೆಯ ಮೇಲೆ ಕೂತು ಊರಿನ ಭಾರ ಹೊತ್ತಿರುತ್ತಿದ್ದ. ನನಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಅವನ ನ್ಯಾಯದ ರೀತಿ ಹೇಗಿತ್ತೆಂದರೆ, ಮೂಡಲಗಿಯಲ್ಲಿ ಕಾಕಿಯ ತವರಿನ ಇಬ್ಬರು ಅಣ್ಣತಮ್ಮಂದಿರಿಗೆ ಬದುವಿನ ಮೇಲಿನ ಬೇವಿನ ಮರಕ್ಕಾಗಿ ಜಗಳ ಬಂತು. ಕಾಕಾ ಹೋದ. ಕೆಮ್ಮಿದ. ಕೂತ. "ತಡೀರಿ, ತಡೀರಿ. ಮೊದಲ ಚಾ ಆಗ್ಲಿ" ಎಂದ. ಚಹಾ ಆದ ಮೇಲೆ ಇಬ್ಬರ ಮಾತೂ ಕೇಳಿ, "ಇದು ಹಗರ ವಿಷಯ ಅಲ್ಲ. ಬರೂ ಐತ್ವಾರ ಕೂಡೂಣು" ಎಂದು ಎದ್ದ. ಹೀಗೆ ಎಷ್ಟು ಭಾನುವಾರ ಕಳೆದವೋ, ಒಂದು ಗಾಳಿಮಳೆಗೆ ಆ ಮರ ಬುಡಸಮೇತ ಬಿತ್ತು. "ನೋಡ್ರಿ, ನಾ ಅವತ್ತ ಹೇಳಿದ್ನಿಲ್ಲ, ತಾನ ಬಗೀಹರೀತೈತಿ ಅಂತ!" ಎಂದು ಕಾಕಾ ಊರೆಲ್ಲ ಹೇಳಿಕೊಂಡು ತಿರುಗಿದ. ಹಾಗೆ ಅವನು ಎಂದೂ ಹೇಳಿರಲಿಲ್ಲ.

ಇನ್ನೊಮ್ಮೆ ಗೋಕಾಕದ ಬಸ್ಸಿನಲ್ಲಿ ಇಬ್ಬರು ಹೆಂಗಸರು ಕಿಟಕಿಯ ಸೀಟಿಗೆ ಜಗಳಕ್ಕಿಳಿದರು. ನಾನು ಪಕ್ಕದಲ್ಲೇ ಇದ್ದೆ. ಬೇಡ ಎಂದು ತೋಳು ಹಿಡಿದೆ. ಕೇಳುವ ಪೈಕಿಯೇ? ನಡುವೆ ಹೋಗಿ ನಿಂತು ಇಬ್ಬರ ತವರೂರು, ಗಂಡನ ಮನೆ, ಹತ್ತಿದ ಸ್ಟಾಪು ಎಲ್ಲ ವಿಚಾರಿಸಿದ. ತೀರ್ಮಾನ ಹೇಳುವ ಹೊತ್ತಿಗೆ ಇಬ್ಬರೂ ಇಳಿಯಬೇಕಾದ ಊರು ಹಿಂದೆ ಹೋಗಿತ್ತು. ಆಗ ಆ ಇಬ್ಬರೂ ಒಂದಾಗಿ ಇವನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಕಾಕಾ ಟೋಪಿ ಸರಿ ಮಾಡಿಕೊಂಡು, "ನೋಡಿದೇನ, ಇಬ್ರೂ ಒಂದಾದ್ರು" ಎಂದ.

ಇಂಥ ಮನುಷ್ಯನ ಕೈಯಲ್ಲಿ ನಮ್ಮ ಗಿರಿಜಕ್ಕನ ಮದುವೆ ಸಿಕ್ಕಿತ್ತು.

ಹನ್ನೊಂದು ವರ್ಷದ ಹಿಂದಿನ ಮಾತು. ಹುಡುಗ ಬೆಲ್ಲದ ಬಾಗೇವಾಡಿಯವನು, ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟಿದ್ದ. ಅಕ್ಕನನ್ನು ನೋಡಲು ಬಂದಾಗ ಉಳಿದವರಂತೆ ಅಡುಗೆ ಬರುತ್ತದೋ, ಹಾಡು ಬರುತ್ತದೋ ಎಂದು ಕೇಳಲಿಲ್ಲ. "ನಿಮ್ಮ ಹೊಲಿಗಿ ಮಶೀನ್ ದೊಡ್ಡದೈತಿ, ನಮ್ಮ ಪಡಸಾಲ್ಯಾಗ ಬೆಳಕ ಕಡಿಮಿ. ಎಲ್ಲಿ ಇಡೂಣ್ರಿ?" ಎಂದು ಕೇಳಿದ್ದ. ಅಕ್ಕ ಆ ಮಾತನ್ನು ನನಗೆ ಒಂದು ವಾರದಲ್ಲಿ ನಾಲ್ಕು ಸಲವಾದರೂ ಹೇಳಿದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಯಾದಿ ಬರೆಯಲು ಬಾಗೇವಾಡಿಗೆ ಹೋದೆವು. ಮದುವೆಯಲ್ಲಿ ಯಾರು ಏನು ಮಾಡಬೇಕು ಎಂಬುದನ್ನು ಎರಡೂ ಕಡೆಯ ಹಿರಿಯರು ಕೂತು ಕಾಗದದ ಮೇಲೆ ಇಳಿಸುವುದೇ ಯಾದಿ. ಕಾಗದ ಮುಗಿಯುವ ತನಕ ಹಿರಿಯರು ಏಳುವಂತಿಲ್ಲ. ಎದ್ದರೆಂದರೆ ಮಾತು ಮುರಿಯಿತೆಂದೇ ಅರ್ಥ. ಅಕ್ಕ ಊರಲ್ಲೇ ಉಳಿದಿದ್ದಳು, ನಾನೂ ಅವ್ವನೂ ಒಳಗಿನ ಬಾಗಿಲಲ್ಲಿ ನಿಂತಿದ್ದೆವು. ಎಲ್ಲ ಸರಿಯಾಗಿಯೇ ನಡೆದಿತ್ತು. ಅಕ್ಷತೆ ಯಾವ ದಿನ ಎಂಬ ಸಾಲಿಗೆ ಬಂದಿದ್ದರು. ಆಗ ಕಾಕಾ ಇದ್ದಕ್ಕಿದ್ದಂತೆ ಗೋಡೆ ಹಿಡಿದು ಎದ್ದು ನಿಂತ. ಮುಖ ಬಿಗಿದಿತ್ತು. ಹುಡುಗನ ಕಡೆಯ ಹಿರಿಯ ಗಾಬರಿಯಾಗಿ, "ಯಾಕ್ರಿ ಬಾಳಪ್ಪನವರ, ನಮ್ಮಿಂದ ಏನ್ ತಪ್ಪಾತ್ರಿ?" ಎಂದು ಕೇಳಿದ. ಇವನು ತುಟಿ ಬಿಚ್ಚಲಿಲ್ಲ. ಅವರೂ ಒಬ್ಬೊಬ್ಬರಾಗಿ ಎದ್ದರು. ಕಾಕಾ ನಿಧಾನವಾಗಿ, ಒಂದೊಂದೇ ಹೆಜ್ಜೆ ಇಡುತ್ತ ಹೊರಗೆ ಹೋದ. ಅವ್ವ ಅಳುತ್ತ ಹಿಂದೆ ಓಡಿದಳು.

ವಾಪಸು ಬರುವಾಗ ಟಂಟಂ ಗಾಡಿಯಲ್ಲಿ ಅವನು ಆಡಿದ್ದು ಒಂದೇ ಮಾತು: "ಆ ಮನಿ ನಮಗಲ್ಲ ಬಿಡ್ರಿ."

ಉಳಿದದ್ದನ್ನು ಊರು ತುಂಬಿಕೊಂಡಿತು. ಅವರು ಹುಡುಗಿಯ ಬಣ್ಣಕ್ಕೆ ಏನೋ ಅಂದರಂತೆ, ನಡತೆಗೆ ಏನೋ ಅಂದರಂತೆ, ಬಾಳಪ್ಪ ಮನೆತನದ ಮಾನ ಉಳಿಸಿದನಂತೆ. ಇವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಕೆಮ್ಮಿದ. ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ಅಕ್ಕ ಮಾತ್ರ, "ನಾ ಇನ್ನ ಯಾರ ಮುಂದೂ ಹೋಗಿ ಕುಂದ್ರೂದಿಲ್ಲ" ಎಂದು ಮಶೀನು ಹೊತ್ತು ಹುಕ್ಕೇರಿಗೆ ಬಂದು ಅಂಗಡಿ ಹಾಕಿದಳು. ತನ್ನಲ್ಲಿ ಏನು ಕೊರತೆ ಕಂಡು ಹಾಗೆ ಅಂದರೋ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕನ್ನಡಿಯನ್ನು ಕೇಳುತ್ತಿದ್ದಳೆಂದು ನನಗೆ ಗೊತ್ತು.

ನನಗೂ ಹುಕ್ಕೇರಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಐತ್ವಾರ ಮಧ್ಯಾಹ್ನ ಅಕ್ಕನ ಅಂಗಡಿಯ ಬಟ್ಟೆ ಕತ್ತರಿಸುವ ಮೇಜೇ ನಮ್ಮ ಆಟದ ಮೇಜು. ಗೋಕಾಕದಲ್ಲಿ ಔಷಧದ ಅಂಗಡಿ ಇಟ್ಟಿರುವ ನನ್ನ ಕಾಲೇಜು ಗೆಳೆಯ ಮಹಾಂತೇಶ ಈ ಹುಚ್ಚು ಹಿಡಿಸಿದವನು. ಅವನು ಒಂದು ಮಾಯಾಲೋಕದ ಕಥೆ ಹೇಳುತ್ತ ಹೋಗುತ್ತಾನೆ. ನಾವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಅದರೊಳಗೆ ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಿ, ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ. ದಾಳ ಒಪ್ಪಿದರೆ ಆಯಿತು, ಇಲ್ಲವಾದರೆ ಇಲ್ಲ. ಬಿಲ್ಲುಗಾರ, ಮಂತ್ರವಾದಿ, ಕಳ್ಳ ಎಂದು ಪಾತ್ರಗಳ ಜಾತಿಗಳಿವೆ. ಒಂದೊಂದು ಜಾತಿಗೆ ಒಂದೊಂದು ಶಕ್ತಿ. ಅಕ್ಕ ಕಳ್ಳಿಯಾಗಿ ಆಡುತ್ತಿದ್ದಳು. ಅವಳಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಆಡುವುದಿಲ್ಲ.

"ಬರೇ ಹೊರಗಿನ ಜಾತಿ ಆದುವು. ನಮ್ಮ ಕಡೀದೊಂದು ಮಾಡು, ನಗು ಬರೂಹಂಗ" ಎಂದು ಮಹಾಂತೇಶ ನನಗೆ ಹೇಳಿದ. ನನಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಒಂದೇ ಕೂತಲ್ಲಿ 'ಹಿರ್ಯಾ' ಎಂಬ ಹೊಸ ಜಾತಿ ಬರೆದು ಮುಗಿಸಿದೆ.

ಹಿರ್ಯಾ ಆಯುಧ ಮುಟ್ಟುವುದಿಲ್ಲ. ಅವನು ಕೆಮ್ಮಿದರೆ ಎದುರಿನ ರಾಕ್ಷಸ ಸರಿದು ಕೂತು ಒಂದು ಪಾಳಿ ಕಳೆದುಕೊಳ್ಳಬೇಕು. 'ಮೊದಲ ಚಾ' ಎಂದರೆ ಎಂಥ ಯುದ್ಧವೂ ಚಹಾ ಆಗುವ ತನಕ ನಿಲ್ಲುತ್ತದೆ. 'ಬರೂ ಐತ್ವಾರ' ಎಂಬ ಮಂತ್ರದಿಂದ ಯಾವ ಆಪತ್ತನ್ನಾದರೂ ಮುಂದೂಡಬಹುದು, ಆದರೆ ಅದು ಇಮ್ಮಡಿಯಾಗಿ ವಾಪಸು ಬರುತ್ತದೆ. ಗೆಳೆಯರು ಸೋತಾಗಲೆಲ್ಲ 'ನಾ ಅವತ್ತ ಹೇಳಿದ್ನಿ' ಎಂದು ಇವನೊಬ್ಬನಿಗೆ ಅಂಕ ಸಿಗುತ್ತದೆ. ಮೂರು ದಿನ ಯಾರೂ ಕರೆಯದಿದ್ದರೆ ಜೀವ ಇಳಿಯುತ್ತ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಶಕ್ತಿಯನ್ನು ಕೊನೆಗೆ ಇಟ್ಟಿದ್ದೆ: ಹಿರ್ಯಾ ಒಮ್ಮೆ ಎದ್ದು ನಿಂತನೆಂದರೆ ಎರಡೂ ಕಡೆಯವರು ಎದ್ದು ಹೋಗಬೇಕು, ಕಾರಣ ಹೇಳಬೇಕಾಗಿಲ್ಲ.

ಗಟ್ಟಿಯಾಗಿ ಓದಿದೆ. ಮಹಾಂತೇಶ ಮೇಜು ಕುಟ್ಟಿ ನಕ್ಕ. ಅಕ್ಕನ ಮುಖದ ಕಡೆ ನಾನು ನೋಡಲೇ ಇಲ್ಲ.

ಮುಂದಿನ ಐತ್ವಾರ ಅದನ್ನು ಆಡಿ ನೋಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಮೂರು ಕೆಮ್ಮು! ಯಾರದೋ ಲಗ್ನಪತ್ರಿಕೆ ಹಂಚಲು ಬಾಳಪ್ಪ ಕಾಕಾ ಹುಕ್ಕೇರಿಗೆ ಬಂದಿದ್ದ. ಮೂವರು ಕಾಗದ ಹರಡಿಕೊಂಡು ಕೂತದ್ದು ಕಂಡದ್ದೇ ತಡ, ಕಣ್ಣು ಅರಳಿದವು.

"ಏನ ಬೈಠಕ್ ನಡಸೀರಿ? ಯಾರ ಯಾರ ನಡುವ?"

ಮಹಾಂತೇಶ ಕಿಡಿಗೇಡಿ. "ಬರ್ರಿ ಕಾಕಾ, ನಿಮ್ಮ ದಾರೀನ ಕಾಯಾಕತ್ತಿದ್ವಿ. ಇಬ್ರು ರಾಜರು ನದೀ ದಂಡಿಮ್ಯಾಲ ದಂಡ ಕಟ್ಕೊಂಡ ನಿಂತಾರ. ನೀವು ಹಿರ್ಯಾರು" ಎಂದು ಹಾಳೆ ಕೊಟ್ಟ.

ಅಯ್ಯೋ, ಅವನು ಎಷ್ಟು ಚೆನ್ನಾಗಿ ಆಡಿದ! ರಾಜರಿಗೆ ಕೆಮ್ಮಿದ. ಸೇನಾಪತಿಯ ಸೋದರಮಾವ ಯಾರೆಂದು ವಿಚಾರಿಸಿದ. ಆನೆಗಳಿಗೂ ಚಹಾ ಆಗಲಿ ಎಂದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಅದನ್ನು ಮರ್ಯಾದೆ ಎಂದುಕೊಂಡು ಇನ್ನೂ ಉಬ್ಬಿದ. ಕೊನೆಗೆ ಆ ದೊಡ್ಡ ಶಕ್ತಿಯ ಸಾಲಿಗೆ ಬೆರಳಿಟ್ಟು, "ಎದ್ದ ನಿಂತ್ನಿ!" ಎಂದ.

"ರಾಜರು ಯಾಕ ಹೋಗ್ತಾರ್ರಿ ಕಾಕಾ? ಅವರೇನ್ ತಪ್ಪ ಮಾಡ್ಯಾರ?" ಎಂದು ಮಹಾಂತೇಶ ಕೆಣಕಿದ.

"ಏ ಹುಚ್ಚಪ್ಪಾ, ತಪ್ಪ ಯಾಕ ಮಾಡಬೇಕೋ?" ಕಾಕಾ ಇನ್ನೊಂದು ನಗು ಗಿಟ್ಟಿಸುವ ಉಮೇದಿನಲ್ಲಿದ್ದ. "ಹಿರ್ಯಾ ಎದ್ದಾಂದ್ರ ಮುಗೀತು. ಬಾಗೇವಾಡ್ಯಾಗ ನಂದು ಕಾಲ ಜೋಮ ಹಿಡದಿತ್ತು. ತಾಸಗಟ್ಟಲೆ ಚಕ್ಕಳಮಕ್ಕಳ ಹಾಕಿ ಕುಂತಿದ್ನಿ, ತಡೀವಲ್ದಾತು, ಎದ್ನಿ. ಎಲ್ಲಾರೂ ಎದ್ದಬಿಟ್ರು! ಎದ್ದಮ್ಯಾಲ ಏನಂತ ಹೇಳ್ಲಿ? ಕಾಲ ಜೋಮ ಹಿಡದೈತಿ ಅಂತ ಹೇಳಿದ್ರ ಟೋಪಿ ಕಿಮ್ಮತ್ತ ಏನ್ ಉಳೀತು?"

ಮಹಾಂತೇಶನಿಗೆ ಹಿಂದಿನದು ಗೊತ್ತಿರಲಿಲ್ಲ, ನಕ್ಕ. ಅಕ್ಕ ಕೈಯಲ್ಲಿದ್ದ ದಾಳ ಮೇಜಿನ ಮೇಲಿಟ್ಟಳು.

"ಅವರು ನನ್ನ ಬಗ್ಗೆ ಏನೂ ಅಂದಿರಲಿಲ್ಲೇನ ಕಾಕಾ?"

"ಯಾರು, ಬಾಗೇವಾಡಿಯವರಾ? ಏನೂ ಇಲ್ಲವ್ವಾ. ಭಾಳ ಚಲೋ ಮಂದಿ ಅವರು" ಎಂದ ಕಾಕಾ, ಒಳ್ಳೆಯ ಸುದ್ದಿ ಹೇಳುವವನ ಮುಖದಲ್ಲಿ.

ಅಕ್ಕ "ಇವತ್ತಿಗೆ ಆಟ ಸಾಕು" ಎಂದು ಕಾಗದಗಳನ್ನು ಒಟ್ಟುಮಾಡಿದಳು. ಪತ್ರಿಕೆ ಕೊಟ್ಟು ಕಾಕಾ ಹೋದ. ನಾನು ಹಿಂದೆಯೇ ಓಡಿ ಬೀದಿಯಲ್ಲೇ ಅವನನ್ನು ಹಿಡಿದೆ. ಥೂ, ನಾಚಿಕೆ ಆಗುವುದಿಲ್ಲವೇ ಎಂದು ಬಾಯಿಗೆ ಬಂದಂತೆ ಬೈದೆ. ಒಂದು ಕಾಲಿಗಾಗಿ ಒಬ್ಬಳ ಬಾಳು ಕೆಡಿಸಿದೆ, ಹನ್ನೊಂದು ವರ್ಷ ಬಾಯಿ ಹೊಲಿದುಕೊಂಡು ಕೂತೆ ಎಂದೆ. "ಈಗರೆ ಹೋಗಿ ಹೇಳಬೇಕಾದವರಿಗೆ ಹೇಳು, ತಪ್ಪಾತು ಅನ್ನು" ಎಂದೆ. ಅವನು ಮೊದಲ ಸಲ ಕೆಮ್ಮದೆ, ತಲೆ ತಗ್ಗಿಸಿ ಕೇಳಿಸಿಕೊಂಡ. "ಆತವ್ವಾ. ಹೇಳ್ತೇನಿ" ಎಂದ. ನನಗೆ, ಇರಲಿ, ಮನುಷ್ಯನೊಳಗೆ ಏನೋ ಉಳಿದಿದೆ ಎನ್ನಿಸಿತು.

ಎರಡು ವಾರದ ಮೇಲೆ ಹುಕ್ಕೇರಿ ಬಸ್ ನಿಲ್ದಾಣದಲ್ಲಿ ಸಿಕ್ಕ. ಹೊಸ ಟೋಪಿ ಹಾಕಿಕೊಂಡು ಸಂಭ್ರಮದಲ್ಲಿದ್ದ.

"ಹೇಳಿ ಬಂದ್ನಿ ಸುನಂದಾ! ಖುದ್ದ ಬಾಗೇವಾಡಿಗಿ ಹೋಗಿದ್ನಿ. ಆ ಹಿರ್ಯಾರ ಮುಂದ ಕೈ ಮುಗದ್ನಿ. ಕಾಲ ಜೋಮ ಹಿಡದಿತ್ರಿ, ನಿಮ್ದೇನೂ ತಪ್ಪ ಇರಲಿಲ್ಲರಿ ಅಂದ್ನಿ. ಅವರೂ ಕಣ್ಣಾಗ ನೀರ ತಂದ್ರು. ಚಾ ಕುಡಿಸಿ ಕಳಿಸಿದ್ರು."

"ಆ ಹುಡುಗ ಇದ್ನೇನ?"

"ಇದ್ದ. ಅವನ ಹೇಣ್ತಿ, ಎರಡ ಮಕ್ಕಳೂ ಇದ್ರು. ಎಲ್ಲಾರ ಮುಂದನ ಹೇಳಿದ್ನಿ."

ನನಗೆ ಆ ಪಡಸಾಲೆಯಲ್ಲಿ ನಿಂತು ಕೇಳಿಸಿಕೊಂಡ ಆ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಅವಳು ಯಾವ ಪಾಪ ಮಾಡಿದ್ದಳು? "ಅಕ್ಕಗ ಹೇಳಿದೇನ?" ಎಂದು ಕೇಳಿದೆ.

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಗಿರಿಜಾಗ? ಆಕಿಗೇನ ಹೇಳೂದವ್ವಾ? ಮಾತ ಆಗಿದ್ದು ಹಿರ್ಯಾರ ಹಿರ್ಯಾರ ನಡುವ."

ಘೋಡಗೇರಿಯ ಬಸ್ಸು ಬಂತು. ಅವನು ಹತ್ತಿ, ಕಿಟಕಿಯಿಂದ ಕೈ ಬೀಸಿದ. ನಾನು ಬೀಸಲಿಲ್ಲ. ಅದೇ ಕೊನೆಯ ಭೇಟಿ. ಆ ತಿಂಗಳೇ ಒಂದು ಬೆಳಿಗ್ಗೆ ಅಂಗಳದಲ್ಲಿ ಮುಖ ತೊಳೆಯುತ್ತಿದ್ದವನು ಅಲ್ಲೇ ಕುಸಿದು ಹೋದ. ಮಣ್ಣಿಗೆ ಬಂದವರೆಲ್ಲ "ಎಂಥಾ ಹಿರ್ಯಾ ಹ್ವಾದ" ಎಂದು ಅತ್ತರು. ನಾನು ಕಾಕಿಯ ಗೀಚಿದ ಕೈ ಹಿಡಿದುಕೊಂಡು ಕೂತೆ. ಅಕ್ಕ ಬಂದು, ಮಣ್ಣು ಹಾಕಿ, ಮಧ್ಯಾಹ್ನದ ಬಸ್ಸಿಗೆ ಹುಕ್ಕೇರಿಗೆ ಹೋದಳು.

ಮುಂದಿನ ಐತ್ವಾರ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಯಾರದೋ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ನಾನು ಹಿರ್ಯಾನ ಹಾಳೆ ತೆಗೆದು, "ಇದನ್ನ ಹರದ ಒಗೀಲೇನಕ್ಕ?" ಎಂದು ಕೇಳಿದೆ.

"ಹರೀಬ್ಯಾಡ" ಎಂದಳು. ಸೂಜಿಯ ದಾರ ಹಲ್ಲಿನಿಂದ ಕಡಿದಳು. "ಎದ್ದ ನಿಂದ್ರೂದೊಂದು ತಗಿ."

"ನಾ ಅದನ್ನ ಅವನ ಮ್ಯಾಲ ನಗಾಕ ಬರದಿದ್ನಿ."

"ಅವನ ಮ್ಯಾಲ ನಗಾಕ ಬರದಿ, ಖರೆ" ಎಂದಳು ಅಕ್ಕ. "ಆದ್ರ ಅವ ಎದ್ದ ನಿಂತ ಆ ದಿನಾ ನಂದಿತ್ತಲ್ಲ, ಸುನಂದಾ."